ಅರಣ್ಯದ ಕೀಟಬಾಧೆ ಪತ್ತೆಗೆ ಉಪಗ್ರಹ ಚಿತ್ರ: ಸಾಧ್ಯತೆ ಮತ್ತು ಮಿತಿ

ಪೀಠಿಕೆ

ಭಾರತ ಮತ್ತು ಅಮೆರಿಕದ ಜಂಟಿ ಯೋಜನೆಯಾದ ನೈಸಾರ್ ಉಪಗ್ರಹವನ್ನು ದಿನಾಂಕ 30-07-2025ರಂದು ಶ್ರೀಹರಿಕೋಟಾದಿಂದ ಕಕ್ಷೆಗೆ ಸೇರಿಸಲಾಯಿತು. ಮೋಡ ಕವಿದಿದ್ದರೂ ನೆಲವನ್ನು ಗ್ರಹಿಸಬಲ್ಲ ರೇಡಾರ್ ಇದರಲ್ಲಿರುವುದರಿಂದ ಅರಣ್ಯಗಳ ಮೇಲಿನ ನಿಗಾ ಸುಧಾರಿಸುವುದೆಂಬ ನಿರೀಕ್ಷೆಯಿದೆ. ಈ ಹಿನ್ನೆಲೆಯಲ್ಲಿ, ತಮ್ಮ ಜಮೀನಿನ ಮರ ಕಡಿಯಲು ಅನುಮತಿ ಕೋರುವವರಲ್ಲಿ ಎರಡು ಪ್ರಶ್ನೆಗಳು ಮೂಡುವುದು ಸಹಜ. ಉಪಗ್ರಹವೇ ಹುಳು ಬಿದ್ದ ಮರವನ್ನು ತೋರಿಸುವುದಾದರೆ ಸ್ಥಳ ಪರಿಶೀಲನೆ ಏಕೆ? ಚಿತ್ರದಲ್ಲಿ ಮರ ಹಸಿರಾಗಿ ಕಂಡರೆ ಅರ್ಜಿಗೆ ಹಿನ್ನಡೆಯಾಗುವುದೇ? ಸಾರ್ವಜನಿಕರ ತಿಳಿವಳಿಕೆಗಾಗಿ ಈ ವಿಷಯವನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

ಉಪಗ್ರಹಕ್ಕೆ ಕಾಣುವುದೇನು?

ಉಪಗ್ರಹಕ್ಕೆ ಕೀಟ ಕಾಣುವುದಿಲ್ಲ. ಎಲೆಯಲ್ಲಾದ ಬದಲಾವಣೆ ಕಾಣುತ್ತದೆ. ಆರೋಗ್ಯವಂತ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಎಲೆ ಒಣಗಿದಾಗ ಅಥವಾ ಉದುರಿದಾಗ ಈ ಪ್ರಮಾಣ ಬದಲಾಗುತ್ತದೆ. ಇವೆರಡರ ವ್ಯತ್ಯಾಸದಿಂದ ಲೆಕ್ಕ ಹಾಕುವ ಸಸ್ಯ ಸೂಚ್ಯಂಕವನ್ನು ಹಿಂದಿನ ವರ್ಷಗಳ ಅದೇ ಅವಧಿಯ ಸೂಚ್ಯಂಕದೊಡನೆ ಹೋಲಿಸಿದಾಗ ಹಾನಿಯಾದ ಪ್ರದೇಶವು ಗೋಚರವಾಗುತ್ತದೆ.

ಭಾರತದ ದೂರ ಸಂವೇದಿ ಕ್ಷೇತ್ರದ ಆರಂಭವೂ ಇಂತಹ ಒಂದು ಪ್ರಯೋಗದಿಂದಲೇ ಆಯಿತು. 1970ರ ಸುಮಾರಿಗೆ ಪ್ರೊ. ಪಿ. ಆರ್. ಪಿಶಾರೋಟಿ ಅವರ ನೇತೃತ್ವದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಅವಗೆಂಪು ಫಿಲ್ಮ್ ಬಳಸಿ ಛಾಯಾಚಿತ್ರ ತೆಗೆದು, ಬೇರು ಸೊರಗು ರೋಗ ತಗುಲಿದ ಮರಗಳನ್ನು ಗುರುತಿಸಲಾಯಿತು.

ಚಿತ್ರದ ಸೂಕ್ಷ್ಮತೆಯನ್ನು ನಮ್ಮ ಅಳತೆಯಲ್ಲಿ ಹೀಗೆ ಗ್ರಹಿಸಬಹುದು. 2015ರಿಂದ ಬಳಕೆಗೆ ಬಂದ ಯುರೋಪಿನ ಸೆಂಟಿನೆಲ್-2 ಸರಣಿಯ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ಸರಿಸುಮಾರು ಒಂದು ಗುಂಟೆ. ಭಾರತದ ಲಿಸ್-3 ಕ್ಯಾಮರಾದಲ್ಲಿ ಇದು 23.5 ಮೀಟರ್, ಅಂದರೆ ಸುಮಾರು ಐದೂವರೆ ಗುಂಟೆ. ಹೀಗಿರುವಾಗ ಹಿತ್ತಲಿನ ಒಂದು ಮರ ಅಥವಾ ತೋಟದ ಬದುವಿನ ನಾಲ್ಕು ಮರಗಳ ಸ್ಥಿತಿಯನ್ನು ಇಂತಹ ಚಿತ್ರದಿಂದ ನಿರ್ಣಯಿಸಲಾಗದು. ನೂರಾರು ಎಕರೆಗೆ ಹಬ್ಬಿದ ಬಾಧೆಯನ್ನು ಅಂದಾಜು ಮಾಡಲು ಮಾತ್ರ ಇದಕ್ಕಿಂತ ಅಗ್ಗದ, ತ್ವರಿತ ಸಾಧನ ಬೇರೊಂದಿಲ್ಲ.

ಮೂರು ಪ್ರಕರಣಗಳು

1. ಕೆನಡಾದ ಬ್ರಿಟಿಷ್ ಕೊಲಂಬಿಯಾ: 1990ರ ದಶಕದಲ್ಲಿ ಆರಂಭವಾದ ಪೈನ್ ದುಂಬಿಯ ಹಾವಳಿ ಸುಮಾರು 1.8 ಕೋಟಿ ಹೆಕ್ಟೇರ್ ಅರಣ್ಯವನ್ನು ಬಾಧಿಸಿತು. ದುಂಬಿ ಹೊಕ್ಕ ಮರ ಕೆಲವು ತಿಂಗಳು ಹಸಿರಾಗಿಯೇ ಇದ್ದು, ಸುಮಾರು ಒಂದು ವರ್ಷದ ನಂತರ ಕೆಂಪಾಗುತ್ತದೆ. ಉಪಗ್ರಹ ಸ್ಪಷ್ಟವಾಗಿ ಗುರುತಿಸುವುದು ಈ ಕೆಂಪು ಹಂತವನ್ನು. ಅಷ್ಟರಲ್ಲಿ ದುಂಬಿಗಳು ಬೇರೆ ಮರಗಳಿಗೆ ಹಾರಿಹೋಗಿರುತ್ತವೆ.

2. ಜರ್ಮನಿ: 2018ರ ಬರಗಾಲದ ನಂತರ ಸ್ಪ್ರೂಸ್ ಮರಗಳಿಗೆ ತೊಗಟೆ ದುಂಬಿ ಬಿದ್ದಿತು. ಜನವರಿ 2018ರಿಂದ ಏಪ್ರಿಲ್ 2021ರವರೆಗೆ ಸುಮಾರು 5 ಲಕ್ಷ ಹೆಕ್ಟೇರ್‌ನಲ್ಲಿ ಮರಗಳ ಹೊದಿಕೆ ನಷ್ಟವಾಗಿದೆಯೆಂದು ಆ ದೇಶದ ಅಂತರಿಕ್ಷ ಕೇಂದ್ರವು ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿತು. ಆದರೆ ಇದರಲ್ಲಿ ಬರ, ಬಿರುಗಾಳಿ, ದುಂಬಿ ಇವುಗಳ ಪಾಲು ಎಷ್ಟೆಷ್ಟು ಎಂಬುದನ್ನು ಚಿತ್ರವೊಂದೇ ಬೇರ್ಪಡಿಸಿ ಹೇಳಲಾರದು. ಲೆಕ್ಕಪತ್ರದಲ್ಲಿ ನಷ್ಟದ ಮೊತ್ತ ಕಂಡರೂ ಅದರ ಕಾರಣ ತಿಳಿಯಲು ವೋಚರುಗಳನ್ನು ತೆರೆದು ನೋಡಲೇಬೇಕಾದಂತೆ ಇದು.

3. ಮಧ್ಯಪ್ರದೇಶ: 1990ರ ದಶಕದ ಉತ್ತರಾರ್ಧದಲ್ಲಿ ಮಂಡ್ಲಾ, ಅಮರಕಂಟಕ ಭಾಗದ ಸಾಲ್ ಅರಣ್ಯಗಳಿಗೆ ಕಾಂಡಕೊರಕ ಹುಳುವಿನ ಬಾಧೆ ವ್ಯಾಪಿಸಿತು. ಈ ಹುಳು ಕಾಂಡದೊಳಗೆ ಸೇರಿ ತಿರುಳನ್ನು ಕೊರೆಯುತ್ತದೆ. ಆರಂಭದಲ್ಲಿ ಮರದ ತಲೆ ಹಸಿರಾಗಿಯೇ ಇದ್ದು, ಬುಡದಲ್ಲಿ ಉದುರಿದ ಮರದ ಹೊಟ್ಟು ಮಾತ್ರ ಸುಳಿವು ನೀಡುತ್ತದೆ. ಹೊಸದಾಗಿ ಕಡಿದು ತೊಗಟೆ ಜಜ್ಜಿದ ದಿಮ್ಮಿಗಳ ರಸಕ್ಕೆ ಬರುವ ದುಂಬಿಗಳನ್ನು ಗ್ರಾಮಸ್ಥರಿಂದ ಹಿಡಿಸಲಾಯಿತು. ಅಲ್ಪ ಬಾಧೆಯಾದ ಮರಗಳು ಚೇತರಿಸಿಕೊಳ್ಳಬಲ್ಲವಾದ್ದರಿಂದ, ಯಾವ ಮರ ಕಡಿಯಬೇಕು, ಯಾವುದನ್ನು ಉಳಿಸಬೇಕು ಎಂಬುದೇ ಮುಖ್ಯ ಪ್ರಶ್ನೆಯಾಯಿತು. ಇದಕ್ಕೆ ಉತ್ತರ ದೊರೆಯುವುದು ಮರದ ಬುಡದಲ್ಲಿಯೇ.

ತೇಗ ಬೆಳೆದವರು ಗಮನಿಸಬೇಕಾದ ಅಂಶ

ಕರ್ನಾಟಕ ಮತ್ತು ಕೇರಳದಲ್ಲಿ ತೇಗದ ಎಲೆ ತಿನ್ನುವ ಹುಳುವಿನ ಹಾವಳಿಯು ಮುಂಗಾರು ಪೂರ್ವ ಮಳೆಯೊಡನೆ, ಹೊಸ ಚಿಗುರಿನ ಕಾಲಕ್ಕೆ ಕಾಣಿಸುತ್ತದೆ. ಹುಳುವಿನ ಅವಧಿ ಸುಮಾರು ಎರಡು ವಾರ ಮಾತ್ರ. ಅಷ್ಟರಲ್ಲಿ ಇಡೀ ತೋಪು ಬೋಳಾಗಬಹುದು. ಆ ಸಮಯದಲ್ಲಿ ಆಕಾಶದಲ್ಲಿ ಮೋಡವಿರುವುದೇ ಹೆಚ್ಚಾದ್ದರಿಂದ ಸಾಮಾನ್ಯ ಉಪಗ್ರಹ ಚಿತ್ರಗಳಿಗೆ ಇದು ತಪ್ಪಿಹೋಗುವ ಸಂಭವವಿದೆ. ರೇಡಾರ್ ಮೋಡವನ್ನು ದಾಟಿದರೂ ಅದು ಗ್ರಹಿಸುವುದು ಮುಖ್ಯವಾಗಿ ಮರದ ರಚನೆ ಮತ್ತು ತೇವಾಂಶವನ್ನೇ ಹೊರತು ಎಲೆಯ ಬಣ್ಣವನ್ನಲ್ಲ. ಇನ್ನು ಬೇಸಿಗೆಗೆ ಮುನ್ನ ತೇಗವು ಸ್ವಾಭಾವಿಕವಾಗಿಯೇ ಎಲೆ ಉದುರಿಸುವುದರಿಂದ ಆಗಿನ ಚಿತ್ರದಲ್ಲಿ ಕಾಣುವ ಬೋಳುತನವನ್ನು ಕೀಟಬಾಧೆಯೆಂದು ಭಾವಿಸಬಾರದು.

ಇದಕ್ಕಿಂತ ಮುಖ್ಯವಾದುದೆಂದರೆ, ಎಲೆ ಕಳೆದುಕೊಂಡ ತೇಗ ಸಾಮಾನ್ಯವಾಗಿ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ನಷ್ಟವಾಗುವುದು ಬೆಳವಣಿಗೆಯಲ್ಲಿ. ನಿಲಂಬೂರಿನ ಎಳೆಯ ನೆಡುತೋಪುಗಳಲ್ಲಿ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ, ಆಗಬಹುದಾಗಿದ್ದ ಬೆಳವಣಿಗೆಯ ಶೇ. 44ರಷ್ಟು ಈ ಹುಳುವಿನಿಂದ ನಷ್ಟವಾಗುವುದೆಂದು ಕಂಡುಬಂದಿದೆ. ಈ ನಷ್ಟ ಸಣ್ಣದಲ್ಲ. ಆದರೂ ಮರ ಸತ್ತಿತೆಂದು ಅವಸರದಲ್ಲಿ ಕಡಿದರೆ, ಚೇತರಿಸಿಕೊಂಡು ಬೆಳೆಯಬಹುದಾಗಿದ್ದ ಮರವನ್ನೇ ಮಾಲೀಕರು ಕಳೆದುಕೊಂಡಂತಾಗುತ್ತದೆ.

ಅರ್ಜಿದಾರರ ಗಮನಕ್ಕೆ

1. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕರಣ 8ರನ್ವಯ ವೃಕ್ಷಾಧಿಕಾರಿಯು ಮರವನ್ನು ಪರಿಶೀಲಿಸಿ ಅರ್ಜಿಯನ್ನು ತೀರ್ಮಾನಿಸುತ್ತಾರೆ. ಸತ್ತ ಅಥವಾ ರೋಗಪೀಡಿತ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ. ಆದುದರಿಂದ ಮರದ ನೈಜ ಸ್ಥಿತಿಯೇ ನಿರ್ಣಾಯಕ.

2. ಅನುಮತಿ ನಿರಾಕರಿಸಿದಲ್ಲಿ ಅದರ ಕಾರಣವನ್ನು ಲಿಖಿತವಾಗಿ ದಾಖಲಿಸತಕ್ಕದ್ದು. ಅದನ್ನು ತಿಳಿದುಕೊಳ್ಳುವುದು ಅರ್ಜಿದಾರರಿಗೆ ಹಿತಕರ.

3. ಹುಳು ಕಂಡ ದಿನಾಂಕ, ಬಾಧಿತ ಮರಗಳ ಸಂಖ್ಯೆ, ಕಾಂಡದ ರಂಧ್ರ, ಬುಡದ ಹೊಟ್ಟು, ಎಲೆಯ ಸ್ಥಿತಿ ಇವುಗಳನ್ನು ಬರೆದಿಟ್ಟುಕೊಂಡು, ಛಾಯಾಚಿತ್ರ ತೆಗೆದಿರಿಸಿದಲ್ಲಿ ಪರಿಶೀಲನೆ ಸುಗಮವಾಗುತ್ತದೆ.

4. ಎಲೆ ಮಾತ್ರ ಹೋಗಿರುವ ತೇಗದ ವಿಷಯದಲ್ಲಿ, ಹೊಸ ಚಿಗುರು ಬರುವುದೇ ಎಂದು ಕೆಲವು ವಾರ ಕಾದು ನೋಡಿ ಅರ್ಜಿ ಸಲ್ಲಿಸುವುದು ಸೂಕ್ತ.

ಒಟ್ಟಾರೆ, ಎಲ್ಲಿ ಹೋಗಿ ನೋಡಬೇಕೆಂಬುದನ್ನು ಉಪಗ್ರಹವು ತಿಳಿಸುತ್ತದೆ. ಏನಾಗಿದೆ ಎಂಬುದನ್ನು ಸ್ಥಳದಲ್ಲಿಯೇ ತಿಳಿಯಬೇಕಾಗುತ್ತದೆ. ಚಿತ್ರದಲ್ಲಿ ಹಸಿರು ಕಂಡಿತೆಂಬ ಕಾರಣದಿಂದ ಬಾಧಿತ ಮರದ ಮಾಲೀಕರಿಗೆ ಅನ್ಯಾಯವಾಗಬಾರದು. ಕೆಂಪು ಕಂಡಿತೆಂಬ ಕಾರಣದಿಂದ ಬದುಕಬಲ್ಲ ಮರ ಕೊಡಲಿಗೆ ಗುರಿಯಾಗಬಾರದು. ಸ್ಥಳ ಪರಿಶೀಲನೆಯ ಉದ್ದೇಶ ಇದೇ ಆಗಿದ್ದು, ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.