ಗಿಟಾರ್ ಸಿಗುತ್ತೆ, ಪದ ಸಿಗುತ್ತಾ?

ತಾಳವಾಡಿ ಸೀಮೆಯ ನಮ್ಮ ಹುಡುಗ್ರ ಮೊಬೈಲಲ್ಲಿ ರಘು ದೀಕ್ಷಿತ್ ಹಾಡು ಸಿಗುತ್ತೆ. 'ಗುಡುಗುಡಿಯ ಸೇದಿ ನೋಡೋ' ಶುರುವಾದ್ರೆ ಸಾಕು, ಕಾಲು ತಾನಾಗೇ ತಾಳ ಹಾಕುತ್ತೆ. ಅದೇ ಹುಡುಗ್ರನ್ನ ಮಾದಪ್ಪನ ಕಥೆಯಲ್ಲಿ ಒಂದು ಸಾಲು ಹಾಡ್ರೋ ಅಂದ್ರೆ, "ಅದೆಲ್ಲಾ ತಾತಂದ್ರ ಕಾಲದ್ದು" ಅಂತ ನಗ್ತಾರೆ. ನಾವೂ ಹಂಗೇ ನಕ್ಕವರೇ.

ಈ ರಘು ಯಾರು? ಹುಟ್ಟಿದ್ದು ನಾಸಿಕ್, ಬೆಳೆದದ್ದು ಮೈಸೂರು. ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. ಕಾಲೇಜಲ್ಲಿ ಗೆಳೆಯನೊಬ್ಬ ಕುಣಿತವನ್ನ ಅಣಕಿಸಿದ ಅಂತ ಹಟಕ್ಕೆ ಬಿದ್ದು ಗಿಟಾರ್ ಹಿಡಿದರು. ಕ್ಯಾಸೆಟ್ ಕಂಪನಿಗಳ ಬಾಗಿಲು ತಟ್ಟಿ ವರ್ಷಗಳೇ ಕಳೆದವು. ಮೊದಲ ಆಲ್ಬಂ ಬಂದದ್ದು 2008ರಲ್ಲಿ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ. ಕಾಲಿಗೆ ಗೆಜ್ಜೆ, ಸೊಂಟಕ್ಕೆ ಲುಂಗಿ, ಕೈಯಲ್ಲಿ ಗಿಟಾರ್. ಕನ್ನಡದಲ್ಲಿ ರಾಕ್ ಹಾಡೋದಕ್ಕೆ ನಾಚ್ಕೋಬೇಕಾಗಿಲ್ಲ ಅಂತ ಒಂದು ತಲೆಮಾರಿಗೆ ತೋರಿಸಿಕೊಟ್ಟವರು.

ಆದ್ರೆ ಒಂದು ಯೋಚನೆ ಮಾಡಿ. ಅವರನ್ನು ಮನೆಮನೆಗೆ ಮುಟ್ಟಿಸಿದ ಕನ್ನಡ ಹಾಡುಗಳಲ್ಲಿ ಹಲವು ಶಿಶುನಾಳ ಶರೀಫರವು. ಶರೀಫರು ತೀರಿಕೊಂಡದ್ದು 1889ರಲ್ಲಿ. ಆ ಪದ ಗಿಟಾರಿನ ತನಕ ಬಂದದ್ದು ಹೇಗೆ? ಭಜನೆಯವರು ಬಾಯಲ್ಲಿ ಉಳಿಸಿಕೊಂಡರು. ಯಾರೋ ಬರೆದಿಟ್ಟರು. ಸಿ. ಅಶ್ವತ್ಥ್ ದನಿ ಕೊಟ್ಟರು. 1990ರಲ್ಲಿ ನಾಗಾಭರಣ ಸಿನಿಮಾ ಮಾಡಿದರು. ಈ ಸರಪಳಿಯ ಒಂದು ಕೊಂಡಿ ಕಳಚಿದ್ದರೂ ರಘು ಕೈಗೆ ಗಿಟಾರ್ ಸಿಗ್ತಿತ್ತು, ಪದ ಸಿಗ್ತಿರಲಿಲ್ಲ.

ನಮ್ಮ ಬೆಟ್ಟದಲ್ಲಿ ಪದಕ್ಕೆ ಬರವಾ? ನೀಲಗಾರರ ತಂಬೂರಿಯಲ್ಲಿ ಮಂಟೇಸ್ವಾಮಿ ಕಾವ್ಯ ಇದೆ. ದೇವರಗುಡ್ಡರ ಕಂಸಾಳೆಯಲ್ಲಿ ಮಾದಪ್ಪ ಇದ್ದಾನೆ. ಸೋಲಿಗರಿಗೆ ಅವರದೇ ಹಾಡು, ಅವರದೇ ಕುಣಿತ. ತಂತಿ ಮೀಟೋದು ನಮಗೇನು ಹೊಸದಲ್ಲ. ಪಿ.ಕೆ. ರಾಜಶೇಖರ ಅಂಥವರು ಮಾದೇಶ್ವರ ಕಾವ್ಯವನ್ನ ಪುಸ್ತಕ ಮಾಡಿಟ್ಟಿದ್ದಾರೆ. ಆದ್ರೆ ಪುಸ್ತಕದಲ್ಲಿ ಧಾಟಿ ಇರಲ್ಲ. ಧಾಟಿ ಇರೋದು ಹಾಡೋರ ಗಂಟಲಲ್ಲಿ, ಅದೂ ಊರಿಗೊಂದು.

1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರ್ತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳೀತು. ಗೆರೆ ನೆಲಕ್ಕೆ ಬಿತ್ತು, ಹಾಡಿಗೆ ಬೀಳಲಿಲ್ಲ. ಗಾಜನೂರಿನ ರಾಜಣ್ಣನ ದನಿಗೆ ಯಾವ ಚೆಕ್‌ಪೋಸ್ಟ್ ಅಡ್ಡ ಬಂತು? ಶಾಲೆಯಲ್ಲಿ ಕನ್ನಡ ಉಳೀಬೇಕು ಅಂತ ನಾವು ಅರ್ಜಿ ಬರೀತೀವಿ, ಬರೀಲೇಬೇಕು. ಆದ್ರೆ ತಾತನ ಹತ್ರ ಕೂತು ಒಂದು ಪದ ಕಲಿಯೋಕೆ ಯಾವ ಸರ್ಕಾರದ ಆದೇಶ ಬೇಕು? ಹಾಡುವ ತಾತ ಹೋದ ಮೇಲೆ ಯಾವ ಆಫೀಸಿಗೂ ಅರ್ಜಿ ಹಾಕಕ್ಕಾಗಲ್ಲ.

ಇನ್ನೊಂದು ಮಾತು, ಹಿರಿಯರಿಗೆ. ಹುಡುಗ ಮಾದಪ್ಪನ ಪದಕ್ಕೆ ಗಿಟಾರ್ ಸೇರಿಸಿದ್ರೆ "ಕೆಡಿಸಿಬಿಟ್ಟ" ಅಂತ ಬೈಬೇಡಿ. ಅವನು ಹಾಡ್ತಿದ್ದಾನಲ್ಲ, ಅದನ್ನ ನೋಡಿ. ಹುಡುಗ್ರಿಗೂ ಅಷ್ಟೇ: ಪದ ಪೂರ್ತಿ ಕಲೀರಿ, ಅರ್ಥ ಕೇಳಿ, ಕಲಿಸಿದವರ ಹೆಸರು ಹೇಳಿ, ಆಮೇಲೆ ಗಿಟಾರ್ ನುಡಿಸಿ. ಭಕ್ತಿಯಿಂದ ಹಾಡೋರ ಪದ ಅದು, ಬರೀ ರೀಲ್ಸ್ ಸರಕಲ್ಲ.

ಈ ಭಾನುವಾರ ನಿಮ್ಮೂರಲ್ಲಿ ಹಾಡೋ ಒಬ್ಬರ ಮನೆಗೆ ಹೋಗಿ. ಅವರನ್ನ ಕೇಳಿ, ಒಪ್ಪಿದ್ರೆ ಮೊಬೈಲಲ್ಲಿ ರೆಕಾರ್ಡ್ ಮಾಡಿ. ಊರು, ತಾರೀಖು ಬರೆದಿಡಿ. ನಾವೂ ಹೊರಟಿದ್ದೀವಿ. ನಾಳೆ ನಮ್ಮ ಬೆಟ್ಟದಲ್ಲೂ ಒಬ್ಬ ಗಿಟಾರ್ ಹಿಡಿದು ನಿಲ್ತಾನೆ, ಇಲ್ಲಾ ನಿಲ್ತಾಳೆ. ಆಗ ಹಾಡೋಕೆ ಪದ ಇರ್ಲಿ.