ಮರ ಕಡಿದ ಮೇಲೆ ಮಣ್ಣಿನ ಉಸಿರು

ಮರಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತವೆ ಎಂಬುದು ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಆದರೆ ಮರದ ಬುಡದಲ್ಲಿರುವ ಮಣ್ಣೂ ಉಸಿರಾಡುತ್ತದೆ. ಅದು ಯಾವ ಅನಿಲವನ್ನು ಒಳಗೆಳೆದುಕೊಳ್ಳುತ್ತದೆ, ಯಾವುದನ್ನು ಹೊರಬಿಡುತ್ತದೆ ಎಂಬುದು ಕಾಡನ್ನು ಮನುಷ್ಯ ನೋಡಿಕೊಳ್ಳುವ ಬಗೆಯ ಮೇಲೂ ನಿಂತಿದೆ. ಇದಕ್ಕೆ ಫಿನ್ಲೆಂಡ್ ದೇಶವೇ ಸಾಕ್ಷಿ.

ಅಲ್ಲಿನ ನೆಲದಲ್ಲಿ ಸುಮಾರು ಮೂರನೇ ಒಂದು ಭಾಗ ಮೂಲತಃ ಜೌಗು. ಸತ್ತ ಪಾಚಿ, ಹುಲ್ಲುಗಳು ಸಾವಿರಾರು ವರ್ಷಗಳಿಂದ ನೀರಿನಡಿ ಪದರಪದರವಾಗಿ ಕೂಡಿಕೊಂಡು ‘ಪೀಟ್’ ಎಂಬ ಕಪ್ಪು ಮಣ್ಣಾಗಿವೆ. ಎಣ್ಣೆಯಲ್ಲಿ ಮುಳುಗಿದ ಉಪ್ಪಿನಕಾಯಿ ಬೇಗ ಕೆಡುವುದಿಲ್ಲವಷ್ಟೆ? ಹಾಗೆಯೇ ನೀರಿನಲ್ಲಿ ಮುಳುಗಿದ ಪೀಟ್ ಗಾಳಿ ತಾಗದೆ ಬಹುಪಾಲು ಕೊಳೆಯದೆ ಉಳಿಯುತ್ತದೆ. ಅದರೊಳಗಿನ ಇಂಗಾಲವೂ ಭದ್ರ.

ಮರಮುಟ್ಟಿಗಾಗಿ ಫಿನ್ಲೆಂಡಿನವರು, ಮುಖ್ಯವಾಗಿ 1960 ಮತ್ತು 70ರ ದಶಕಗಳಲ್ಲಿ, ಕಾಲುವೆ ತೋಡಿ ಜೌಗಿನ ನೀರು ಬಸಿದರು. ಹೀಗೆ ಬಸಿದದ್ದು ಸುಮಾರು 50 ಲಕ್ಷ ಹೆಕ್ಟೇರ್. ಪೈನ್, ಸ್ಪ್ರೂಸ್ ಮರಗಳು ಸೊಂಪಾಗಿ ಬೆಳೆದವು. ಆದರೆ ಗಾಳಿ ಹೊಕ್ಕ ಪೀಟ್ ಕೊಳೆಯತೊಡಗಿತು.

ಈಗ ಆ ಮರಗಳು ಕಟಾವಿಗೆ ಬಂದಿವೆ. ಕಡಿಯುವುದು ಹೇಗೆ? ದಕ್ಷಿಣ ಫಿನ್ಲೆಂಡಿನ ಲೆಟ್ಟೊಸುವೊ ಎಂಬ ಕಾಡಿನಲ್ಲಿ ವಿಜ್ಞಾನಿಗಳು 2016ರಲ್ಲಿ ಒಂದು ಪ್ರಯೋಗ ಮಾಡಿದರು. ಒಂದು ಭಾಗದಲ್ಲಿ ಮರಗಳನ್ನೆಲ್ಲ ಕಡಿದರು. ಇನ್ನೊಂದು ಭಾಗದಲ್ಲಿ ದೊಡ್ಡ ಪೈನ್ ಮರಗಳನ್ನಷ್ಟೇ ತೆಗೆದು ಉಳಿದವನ್ನು ಬಿಟ್ಟರು. ನೆಲದ ಮೇಲೆ ಪೆಟ್ಟಿಗೆಗಳನ್ನು ಕವುಚಿ, ಕಂಬಗಳಿಗೆ ಉಪಕರಣ ಕಟ್ಟಿ, ಅನಿಲಗಳ ಹೋಗು-ಬರವನ್ನು ಅಳೆದರು.

ಪೂರ್ತಿ ಬೋಳಾದ ಜಾಗದಲ್ಲಿ ಮೊದಲ ವರ್ಷವೇ ಪ್ರತಿ ಚದರ ಮೀಟರಿನಿಂದ ಸುಮಾರು 3 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬಂತು. ಮಣ್ಣು ಕೊಳೆಯುತ್ತಲೇ ಇತ್ತು, ಹೀರಿಕೊಳ್ಳಲು ಮರಗಳಿರಲಿಲ್ಲ. ಮರವೆಂದರೆ ನೀರೆತ್ತುವ ಪಂಪೂ ಹೌದು. ಪಂಪು ನಿಂತಾಗ ನೀರು ಮೇಲೇರಿತು; ಅಲ್ಲಿಯವರೆಗೆ ಗಾಳಿಯ ಮೀಥೇನನ್ನು ತಿನ್ನುತ್ತಿದ್ದ ಮಣ್ಣು ಅದನ್ನು ಹೊರಬಿಡತೊಡಗಿತು. ಸಾರಜನಕವನ್ನು ಉಣ್ಣುವ ಬೇರುಗಳಿಲ್ಲದೆ ನೈಟ್ರಸ್ ಆಕ್ಸೈಡ್ ಕೂಡ ಹೆಚ್ಚಿತು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಈ ಅನಿಲ, ತೂಕಕ್ಕೆ ತೂಕ ನೋಡಿದರೆ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲಶಾಲಿ. ಆಯ್ದು ಕಡಿದ ಭಾಗದಲ್ಲಾದರೋ ಮೀಥೇನ್, ನೈಟ್ರಸ್ ಆಕ್ಸೈಡ್‌ಗಳ ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ. ಉಳಿದ ಮರಗಳು ನೀರೆತ್ತುವ ಕೆಲಸವನ್ನು ಮುಂದುವರಿಸಿದ್ದವು.

ಆದರೂ ಆಯ್ದು ಕಡಿಯುವುದು ಎಲ್ಲರಿಗೂ ಒಪ್ಪಿಗೆಯಲ್ಲ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಕಾಡು ಸಾಮಾನ್ಯ ಕುಟುಂಬಗಳ ಆಸ್ತಿ. ಪೂರ್ತಿ ಕಡಿದರೆ ಹಣವೆಲ್ಲ ಒಟ್ಟಿಗೆ ಕೈಸೇರುತ್ತದೆ. ಮರಗಳನ್ನು ಆಯ್ದು ಕಡಿಯುತ್ತ ಕಾಡನ್ನು ಉಳಿಸಿಕೊಳ್ಳುವ ಪದ್ಧತಿಗೆ ಅಲ್ಲಿನ ಕಾನೂನು ಧಾರಾಳವಾಗಿ ಅವಕಾಶ ಕೊಟ್ಟದ್ದೇ 2014ರಲ್ಲಿ.

ಬೋಳಾದ ನೆಲದಲ್ಲಿ ಸಸಿ ನೆಟ್ಟರೆ ಕೆಲವೇ ವರ್ಷಗಳಲ್ಲಿ ಹಸಿರು ಮರಳುತ್ತದೆ, ನಿಜ. ಆದರೆ ಸಾವಿರಾರು ವರ್ಷ ಕೂಡಿಟ್ಟ ಪೀಟನ್ನು ಯಾರೂ ನೆಟ್ಟು ಬೆಳೆಸಲಾರರು. ಕಾಡಿನ ಲೆಕ್ಕ ಬರೆಯುವಾಗ ಮರಗಳನ್ನು ಎಣಿಸಿದರಷ್ಟೇ ಸಾಲದು. ಅವುಗಳ ಕಾಲಡಿಯ ಮಣ್ಣನ್ನೂ ಲೆಕ್ಕಕ್ಕೆ ಸೇರಿಸಬೇಕು.