ಗುಡ್ಡ ಹತ್ತಿದವರೆಲ್ಲ ಗುರುಗಳೇ?

ಶಿವರಾತ್ರಿ ಹತ್ತಿರ ಬಂತೆಂದರೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ಬುದ್ಧಿ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಇಂಥದೇ ಬೂಟು ಹಾಕಿ, ಇಷ್ಟೇ ನೀರು ಕುಡಿಯಿರಿ, ಚಾರ್ಮಾಡಿ ಘಾಟಿ ಏನು ಮಹಾ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಕೇಳಿದವನು ಮೂರನೇ ದಿನ ಬೊಬ್ಬೆ ಎದ್ದ ಕಾಲು ಹಿಡಿದು ರಸ್ತೆ ಪಕ್ಕ ಕೂತಿರುತ್ತಾನೆ. ಹೇಳಿದವರು ಊರಲ್ಲಿ ಕಾಫಿ ಕುಡಿಯುತ್ತಿರುತ್ತಾರೆ. ಹಾಗಾದರೆ ದೂರದ ನಡಿಗೆಯ ವಿಷಯದಲ್ಲಿ ಯಾರ ಮಾತು ನಂಬಬೇಕು?

ನಡೆಯುವುದಕ್ಕೆಂದೇ ದಾರಿ ಮಾಡಿಟ್ಟಿರುವ ಅಮೆರಿಕದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿ ಜಾರ್ಜಿಯಾದಿಂದ ಮೇಯ್ನ್ ತನಕ 14 ರಾಜ್ಯ ಹಾಯುವ ಅಪಲೇಚಿಯನ್ ಟ್ರೇಲ್ ಇದೆ. ಉದ್ದ ಸುಮಾರು 3,500 ಕಿಲೋಮೀಟರ್. 1948ರಲ್ಲಿ ಎರ್ಲ್ ಶಾಫರ್ ಎಂಬಾತ ಇದನ್ನು ಒಂದೇ ಸಲಕ್ಕೆ ನಡೆದು ಮುಗಿಸಿದ. ದಾರಿ ನೋಡಿಕೊಳ್ಳುವವರೇ ಮೊದಲು ನಂಬಲಿಲ್ಲ. ಆತ ಬರೆದಿಟ್ಟ ದಿನಚರಿ, ತೆಗೆದ ಫೋಟೋ ನೋಡಿದ ಮೇಲೆ ಒಪ್ಪಿದರು. ಬಾಯಿಮಾತಲ್ಲ ಸ್ವಾಮಿ, ಪುರಾವೆ!

ಇನ್ನು ಎಮ್ಮಾ ಗೇಟ್‌ವುಡ್. 11 ಮಕ್ಕಳ ತಾಯಿ. 1954ರಲ್ಲಿ ಮೇಯ್ನ್ ಕಡೆಯಿಂದ ಹೊರಟು, ದಾರಿ ತಪ್ಪಿ, ವಾಪಸ್ ಬಂದಳು. ಮರುವರ್ಷ 67ನೇ ವಯಸ್ಸಿನಲ್ಲಿ ಜಾರ್ಜಿಯಾದಿಂದ ಒಬ್ಬಳೇ ಹೊರಟು ಗುರಿ ಮುಟ್ಟಿದಳು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಮನೆಯಲ್ಲೇ ಹೊಲಿದ ಚೀಲ. ಡೇರೆ ಇಲ್ಲ. ದಾರಿ ಕೇಳಿದಷ್ಟು ಚೆನ್ನಾಗಿಲ್ಲ ಅಂತ ಪತ್ರಿಕೆಯವರಿಗೆ ನೇರವಾಗಿಯೇ ಹೇಳಿದಳು. ಅವಳ ಮಾತಿಗೆ ತೂಕ ಬಂದದ್ದು ಶೂ ಇಂದಲ್ಲ. ಸೋತದ್ದನ್ನೂ ಗೆದ್ದದ್ದನ್ನೂ ಕಂಡವಳು ಅಂತ. ಹಾಗಂತ ಎಲ್ಲರೂ ಕ್ಯಾನ್ವಾಸ್ ಶೂ ಹಾಕಿ ಹೊರಡಿ ಅಂದರೆ ಅದು ತಿಳುವಳಿಕೆ ಅಲ್ಲ. ತನಗೆ ಒಗ್ಗಿದ್ದು ಯಾವುದು, ಎಲ್ಲರಿಗೂ ಒಗ್ಗುವುದು ಯಾವುದು ಎಂದು ಬೇರೆ ಮಾಡಿ ಹೇಳುವವನೇ ಬಲ್ಲವನು.

ಇದು ಬರೀ ಕಟ್ಟೆಯ ಹರಟೆಯೂ ಅಲ್ಲ. 2013ರಲ್ಲಿ ಅದೇ ದಾರಿಯಲ್ಲಿ 66 ವರ್ಷದ ಹೆಂಗಸೊಬ್ಬರು ಸ್ವಲ್ಪ ಪಕ್ಕಕ್ಕೆ ಸರಿದವರು ಕಾಣೆಯಾದರು. ಆ ಹೊತ್ತಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದಿದ್ದರು. ವಾರಗಟ್ಟಲೆ ಬದುಕಿದ್ದು ಸಹಾಯಕ್ಕೆ ಕಾದರು. ಶವ ಸಿಕ್ಕಿದ್ದು 2015ರಲ್ಲಿ, ದಾರಿಯಿಂದ ಕೆಲವೇ ಕಿಲೋಮೀಟರ್ ಆಚೆ. ನಡೆದ ದೂರ ಒಂದರಿಂದಲೇ ಕಾಡು ಪರಿಚಯ ಆಗಲ್ಲ. ದಾರಿ ತಪ್ಪಿದಾಗ ಏನು ಮಾಡಬೇಕು ಅನ್ನೋದು ಬೇರೆಯೇ ವಿದ್ಯೆ.

ಆದ್ದರಿಂದ ಬುದ್ಧಿ ಹೇಳಲು ಬಂದವನಿಗೆ ಮೂರು ಪ್ರಶ್ನೆ ಹಾಕಿ. ಯಾವ ವರ್ಷ, ಯಾವ ತಿಂಗಳು ನಡೆದೆ? ಎಲ್ಲಿಂದ ವಾಪಸ್ ಬಂದೆ? ದಾರಿ ತಪ್ಪಿದರೆ ಏನು ಮಾಡಬೇಕು? ಮೂರಕ್ಕೂ ಉತ್ತರ ಇದ್ದವನ ಹತ್ತಿರ ಕೂತು ಕೇಳಿ. ಬರೀ ಬೂಟಿನ ಬ್ರಾಂಡು ಹೇಳುವವನಿಗೆ ನಮಸ್ಕಾರ ಹೇಳಿ ಬಸ್ ಹತ್ತಿ.